ಮೊದಲು ನೆರಳು, ಆಮೇಲೆ ಮೈಬಣ್ಣ: ಭಾವಚಿತ್ರ ನಕಲು ಮಾಡಿ ತೈಲವರ್ಣ ಕಲಿಯುವ ಸಮಗ್ರ ಮಾರ್ಗದರ್ಶಿ

ತೈಲವರ್ಣದಲ್ಲಿ ಮುಖ ನಕಲು ಮಾಡಲು ಹೊರಟವರು ಹೆಚ್ಚಾಗಿ ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. ಕಣ್ಣು ಚೆನ್ನಾಗಿ ಬಂದಿರುತ್ತದೆ. ತುಟಿಯೂ ಪರವಾಗಿಲ್ಲ. ಆದರೆ ಇಡೀ ಮುಖ ಚಪ್ಪಟೆ, ಚರ್ಮ ಬೂದು ಹಿಡಿದಿದೆ, ತಲೆ ಹಿನ್ನೆಲೆಯ ಮೇಲೆ ಕತ್ತರಿಸಿ ಅಂಟಿಸಿದಂತಿದೆ. ಆಗ ಬಣ್ಣದ ಕಂಪನಿ ಬದಲಿಸುತ್ತಾರೆ, ಇಲ್ಲವೇ ಇನ್ನೂ ಸಣ್ಣ ಬ್ರಶ್ ಕೊಳ್ಳುತ್ತಾರೆ. ಎರಡರಿಂದಲೂ ಉಪಯೋಗವಿಲ್ಲ. ತಪ್ಪು ಕೆಲಸದ ಕ್ರಮದಲ್ಲಿದೆ. ಕಣ್ಣಿನಿಂದ ಶುರು ಮಾಡಿರುತ್ತಾರೆ. ನೆರಳು ಬೆಳಕು ಗೊತ್ತು ಮಾಡಿಕೊಳ್ಳುವ ಮೊದಲೇ ಬಣ್ಣ ಕಲಸಿರುತ್ತಾರೆ.

ಇಲ್ಲಿ ಒಂದೇ ಚಿತ್ರ ಹಿಡಿದು, ಮೊದಲಿನಿಂದ ಕೊನೆಯವರೆಗೆ ಯಾವುದರ ನಂತರ ಯಾವುದು ಎಂದು ಬರೆದಿದ್ದೇನೆ. ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಬೇಸರವಾದರೂ 3 ಮತ್ತು 6ನೇ ಹಂತಗಳನ್ನು ಬಿಡಲೇಬೇಡಿ. ಹೆಚ್ಚಿನವರು ಬಿಡುವುದು ಅವೆರಡನ್ನೇ.

## ಹಂತ 1: ಸರಿಯಾದ ಚಿತ್ರ ಆರಿಸಿ

ಕಲಿಯಲು ಬೇಕಾದ ಚಿತ್ರದಲ್ಲಿ ಮೂರು ಗುಣ ಇರಬೇಕು. ಬೆಳಕು ಒಂದೇ ಕಡೆಯಿಂದ ಬಿದ್ದಿರಬೇಕು. ಬಣ್ಣಗಳು ಕಡಿಮೆ ಇರಬೇಕು. ದೊಡ್ಡ ಗಾತ್ರದ ಸ್ಪಷ್ಟ ಪ್ರತಿ ಸಿಗಬೇಕು.

ನನ್ನ ಆಯ್ಕೆ ಸ್ಪೇನಿನ ಚಿತ್ರಕಾರ ಡಿಯೆಗೊ ವೆಲಾಸ್ಕೆಸ್ 1650ರಲ್ಲಿ ರೋಮ್‌ನಲ್ಲಿ ಬರೆದ, ತನ್ನ ಸಹಾಯಕ ಹುವಾನ್ ದೆ ಪರೇಹಾನ ಭಾವಚಿತ್ರ. ಅದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅಳತೆ 81.3 × 69.9 ಸೆಂ.ಮೀ. ಮ್ಯೂಸಿಯಂ ತನ್ನ ಜಾಲತಾಣದಲ್ಲಿ ದೊಡ್ಡ ಗಾತ್ರದ ಚಿತ್ರವನ್ನು ಉಚಿತವಾಗಿ ಕೊಡುತ್ತದೆ. ಅದನ್ನೇ ಇಳಿಸಿಕೊಳ್ಳಿ. ಬೇರೆ ಕಡೆ ಸಿಗುವ ಪ್ರತಿಗಳಲ್ಲಿ ಬಣ್ಣ ಜಾಸ್ತಿ ಕೆಂಪಗೆ ಅಥವಾ ಹಳದಿಯಾಗಿ ತಿರುಗಿರುತ್ತದೆ.

ಈ ಚಿತ್ರವನ್ನೇ ಆರಿಸಲು ಇನ್ನೊಂದು ಕಾರಣವಿದೆ. ಪರೇಹಾನ ಮೈಬಣ್ಣ ಕಂದು. ತೈಲವರ್ಣದ ಪಾಠಗಳಲ್ಲಿ ಸಿಗುವ ಮೈಬಣ್ಣದ ಸೂತ್ರಗಳು ಹೆಚ್ಚಾಗಿ ಬಿಳಿ ಗುಲಾಬಿ ಚರ್ಮಕ್ಕೆ ಮಾಡಿದವು. ನಮ್ಮವರು ಅದನ್ನು ಕಲಿತು, ಆಮೇಲೆ ಅಪ್ಪನದೋ ಅಜ್ಜಿಯದೋ ಮುಖ ಬರೆಯಲು ಕೂತಾಗ ಏನೂ ಹೊಂದುವುದಿಲ್ಲ. ಅದೇ ಸೂತ್ರಕ್ಕೆ ಕಂದು ಸೇರಿಸಿ ಕಪ್ಪಾಗಿಸಲು ಹೋಗುತ್ತಾರೆ, ಚರ್ಮ ಕೊಳೆಯಾಗುತ್ತದೆ. ಕಂದು ಚರ್ಮದಲ್ಲಿ ಬೆಳಕು ನಡೆದುಕೊಳ್ಳುವ ರೀತಿಯೇ ಬೇರೆ. ಅದನ್ನು ಮೊದಲ ನಕಲಿನಲ್ಲೇ ಕಲಿತುಬಿಡುವುದು ಒಳ್ಳೆಯದು, ಅಲ್ವಾ?

ಮೊದಲ ಸಲ ಇಡೀ ಚಿತ್ರ ಬೇಡ. ಕೂದಲಿನ ಸ್ವಲ್ಪ ಮೇಲಿನಿಂದ ಬಿಳಿ ಕಾಲರ್‌ನ ಸ್ವಲ್ಪ ಕೆಳಗಿನವರೆಗೆ, 3:4 ಅನುಪಾತದಲ್ಲಿ ಕತ್ತರಿಸಿಕೊಳ್ಳಿ. ಕೈ ಮತ್ತು ಮೇಲಂಗಿ ಎರಡನೇ ನಕಲಿಗೆ ಇರಲಿ.

## ಹಂತ 2: ಸಾಮಾನು ಜೋಡಿಸಿ

ಬಣ್ಣದ ಟ್ಯೂಬು ಐದೇ ಸಾಕು:

- ಟೈಟಾನಿಯಂ ವೈಟ್ (ಇದು ದೊಡ್ಡ ಟ್ಯೂಬ್ ಇರಲಿ)
- ಯೆಲ್ಲೋ ಓಕರ್ (ಮಣ್ಣಿನ ಹಳದಿ)
- ವರ್ಮಿಲಿಯನ್ ಹ್ಯೂ (ಕಿತ್ತಳೆ ಛಾಯೆಯ ಕೆಂಪು)
- ಬರ್ಂಟ್ ಅಂಬರ್ (ಗಾಢ ಕಂದು)
- ಐವರಿ ಬ್ಲ್ಯಾಕ್

ಲ್ಯಾಂಪ್ ಬ್ಲ್ಯಾಕ್ ತರಬೇಡಿ. ಅದರ ಶಕ್ತಿ ಜಾಸ್ತಿ, ಒಂದು ಚುಕ್ಕೆ ಇಡೀ ಮಿಶ್ರಣವನ್ನು ನುಂಗುತ್ತದೆ. ‘ಫ್ಲೆಶ್ ಟಿಂಟ್’ (ಸಿದ್ಧ ಮೈಬಣ್ಣ) ಎಂದು ಬರೆದ ಟ್ಯೂಬ್ ಅಂತೂ ಬೇಡವೇ ಬೇಡ. ನೀಲಿ ಎಲ್ಲಿ ಎಂದು ಕೇಳಬಹುದು. ಐವರಿ ಬ್ಲ್ಯಾಕಿಗೆ ಬಿಳಿ ಸೇರಿಸಿ, ಕಂದಿನ ಪಕ್ಕ ಇಟ್ಟು ನೋಡಿ. ನೀಲಿಯೆಂದೇ ಕಾಣುತ್ತದೆ. ಅದಕ್ಕೇ ಓಕರ್ ಸೇರಿಸಿದರೆ ಹಸಿರು ಛಾಯೆ ಬರುತ್ತದೆ. ಈ ಚಿತ್ರಕ್ಕೆ ಅಷ್ಟೇ ಸಾಕು.

ಬ್ರಶ್‌ಗಳು: ಹಂದಿ ಕೂದಲಿನ ಚಪ್ಪಟೆ ಅಥವಾ ಫಿಲ್ಬರ್ಟ್ (ತುದಿ ದುಂಡಗಿರುವ ಚಪ್ಪಟೆ ಬ್ರಶ್) 8, 6, 4ನೇ ನಂಬರ್, ಮೃದುವಾದ ಸಿಂಥೆಟಿಕ್ ದುಂಡು ಬ್ರಶ್ 2ನೇ ನಂಬರ್ ಒಂದು. ಬಣ್ಣ ಕಲಸಲು ಪ್ಯಾಲೆಟ್ ನೈಫ್ ಇರಲೇಬೇಕು. ಬ್ರಶ್‌ನಿಂದ ಕಲಸಿದರೆ ಬಣ್ಣ ಸಮನಾಗುವುದಿಲ್ಲ, ಬ್ರಶ್ಶೂ ಹಾಳು.

ಪ್ಯಾಲೆಟ್‌ಗೆ ಅಂಚು ಉಜ್ಜಿದ ಗಾಜಿನ ತುಂಡು ಸಾಕು. ಕೆಳಗೆ ನಡುಬೂದು ಬಣ್ಣದ ಕಾಗದ ಇಡಿ. ಬಿಳಿ ಪ್ಯಾಲೆಟ್ ಮೇಲೆ ಎಲ್ಲ ಬಣ್ಣವೂ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ, ಕಣ್ಣು ಮೋಸ ಹೋಗುತ್ತದೆ.

ಕ್ಯಾನ್ವಾಸ್ 9 × 12 ಇಂಚು. ಬ್ರಶ್ ಅಭ್ಯಾಸಕ್ಕೆ ಇದು ಸ್ವಲ್ಪ ಚಿಕ್ಕದು, ಆದರೆ ಇದೇ ಅಳತೆಯ ಪ್ರಿಂಟ್ ಎ3 ಹಾಳೆಯಲ್ಲಿ ಸಿಗುತ್ತದೆ. ನಕಲು ಮತ್ತು ಪ್ರಿಂಟ್ ಒಂದೇ ಅಳತೆಯಲ್ಲಿ ಅಕ್ಕಪಕ್ಕ ಇದ್ದರೆ ತಪ್ಪು ತಕ್ಷಣ ಕಾಣುತ್ತದೆ. ಹೊಳಪಿಲ್ಲದ ಕಾಗದದ ಮೇಲೆ ಎರಡು ಪ್ರಿಂಟ್ ತೆಗೆಸಿ, ಒಂದು ಬಣ್ಣದ್ದು, ಒಂದು ಕಪ್ಪು ಬಿಳುಪು. ಬಣ್ಣದ ಪ್ರಿಂಟಿಗೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆ ಹಾಕಿ. ಅದು ಯಾಕೆಂದು 7ನೇ ಹಂತದಲ್ಲಿ ಬರುತ್ತದೆ.

ಎಣ್ಣೆಯ ವಿಷಯದಲ್ಲಿ ತುಂಬ ಗೊಂದಲವಿದೆ. ಬೇಕಾದದ್ದು ಚಿತ್ರಕಲೆಗೆ ಎಂದೇ ಶುದ್ಧ ಮಾಡಿದ ಅಗಸೆ ಎಣ್ಣೆ, ಅಂದರೆ ಲಿನ್ಸೀಡ್ ಆಯಿಲ್. ಅದು ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿ ಪೊರೆಯಾಗುತ್ತದೆ. ಕೊಬ್ಬರಿ ಎಣ್ಣೆಗೆ ಆ ಗುಣವಿಲ್ಲ. ಅದನ್ನು ಬೆರೆಸಿದ ಬಣ್ಣ ವರ್ಷ ಕಳೆದರೂ ಕೈಗೆ ಅಂಟುತ್ತದೆ. ಸಾಸಿವೆ, ಕಡಲೆಕಾಯಿ ಎಣ್ಣೆಯೂ ಬೇಡ. ತೆಳು ಮಾಡಲು ಕಲಾ ಸಾಮಗ್ರಿ ಅಂಗಡಿಯ ಟರ್ಪೆಂಟೈನ್ ಅಥವಾ ವಾಸನೆ ಕಡಿಮೆ ಇರುವ ಥಿನ್ನರ್ ತನ್ನಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಎನ್.ಸಿ. ಥಿನ್ನರ್ ಕೊಟ್ಟರೆ ವಾಪಸ್ ಕೊಡಿ. ಅದು ಬೇರೆಯೇ ರಾಸಾಯನಿಕ, ಕೆಳಗಿನ ಪದರವನ್ನು ಕರಗಿಸಿಬಿಡಬಹುದು.

ಎರಡು ಎಚ್ಚರಿಕೆ. ಅಗಸೆ ಎಣ್ಣೆ ಮೆತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗದೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕಿ. ಇನ್ನೊಂದು, ನಾವು ಕೈಯಲ್ಲೇ ಊಟ ಮಾಡುವವರು. ಬಣ್ಣದ ಕೈಯಲ್ಲಿ ತಿಂಡಿ ಮುಟ್ಟಬೇಡಿ, ಉಗುರಿನ ಸಂದು ಸೋಪಿನಿಂದ ತೊಳೆಯಿರಿ. ಲೆಡ್ ವೈಟ್ ಎಂದು ಬರೆದ ಬಣ್ಣ ಕಲಿಯುವವರಿಗೆ ಬೇಡ, ಅದರಲ್ಲಿ ಸೀಸವಿದೆ. ಕಿಟಕಿ ತೆರೆದಿರಲಿ.

## ಹಂತ 3: ಬಣ್ಣ ಮುಟ್ಟುವ ಮೊದಲು ಕಪ್ಪು ಬಿಳುಪಿನಲ್ಲಿ ಓದಿ

ಇಲ್ಲಿ ಒಂದು ಇಡೀ ಸಂಜೆ ಕಳೆಯಿರಿ. ಕಪ್ಪು ಬಿಳುಪು ಪ್ರಿಂಟನ್ನು ಗೋಡೆಗೆ ಅಂಟಿಸಿ, ಆರೇಳು ಅಡಿ ದೂರ ನಿಂತು, ಕಣ್ಣು ಅರ್ಧ ಮುಚ್ಚಿ ನೋಡಿ. ಸಣ್ಣ ವಿವರಗಳು ಮಾಯವಾಗಿ ದೊಡ್ಡ ಆಕಾರಗಳು ಉಳಿಯುತ್ತವೆ. ಆ ಆಕಾರಗಳೇ ಚಿತ್ರ.

ಈಗ ಐದು ಮೆಟ್ಟಿಲಿನ ಪಟ್ಟಿ ಮಾಡಿಕೊಳ್ಳಿ. ಅಂಬರ್ ಮತ್ತು ಬಿಳಿ ಕಲಸಿ ದಪ್ಪ ಕಾಗದದ ಮೇಲೆ ಐದು ಚೌಕ: 1 ಅತಿ ಕಪ್ಪು, 5 ಅತಿ ಬೆಳಕು. ಪಟ್ಟಿಯನ್ನು ಪ್ರಿಂಟಿನ ಮೇಲೆ ಹಿಡಿದು ಪ್ರತಿ ದೊಡ್ಡ ಭಾಗಕ್ಕೂ ನಂಬರ್ ಬರೆಯಿರಿ. ಸುಮಾರಾಗಿ ಹೀಗೆ ಸಿಗುತ್ತದೆ: ಕೂದಲು 1. ಉಡುಪು 1 ಮತ್ತು 2ರ ನಡುವೆ. ಹಿನ್ನೆಲೆ 2ರಿಂದ 3. ಮುಖದ ನೆರಳು 2. ಮುಖದ ಬೆಳಕು 3ರಿಂದ 4. ಕಾಲರ್‌ನ ಬೆಳಕಿನ ಭಾಗ 5.

ಇದರಲ್ಲಿ ಮುಖ್ಯ ಸಂಗತಿ ಏನು ಗೊತ್ತಾ? ಶುದ್ಧ ಬಿಳಿಗೆ ಹತ್ತಿರದ ಜಾಗ ಕಾಲರ್ ಮಾತ್ರ. ಹಣೆಯ ಮೇಲೆ ಒಂದು ಚಿಕ್ಕ ಹೊಳಪು ಅದರ ಹತ್ತಿರ ಬರುತ್ತದೆ, ಅಷ್ಟೇ. ಉಳಿದ ಇಡೀ ಮುಖ 2ರಿಂದ 4ರೊಳಗೆ ಮುಗಿಯುತ್ತದೆ. ಕೆನ್ನೆಗೆ 5 ಹಾಕಿದವರಿಗೆ ಕಾಲರ್ ಬರೆಯುವಾಗ ಬೆಳಕೇ ಉಳಿದಿರುವುದಿಲ್ಲ. ಆಗ ಮುಖ ಪೌಡರ್ ಹಾಕಿದಂತೆ ಕಾಣುತ್ತದೆ, ಕಾಲರ್ ಕೊಳೆ ಬಟ್ಟೆಯಂತೆ.

ಆಮೇಲೆ ಅಂಗೈಯಗಲದ ಕಾಗದದಲ್ಲಿ ಮೂರೇ ಮೆಟ್ಟಿಲು ಬಳಸಿ ಇಡೀ ಚಿತ್ರದ ಚಿಕ್ಕ ನಕ್ಷೆ ಮಾಡಿ. ಕಣ್ಣು, ಮೂಗು ಬರೆಯಬೇಡಿ. ಕಣ್ಣಿನ ಗುಳಿಯ ನೆರಳು, ಮೂಗಿನ ಕೆಳಗಿನ ನೆರಳು, ಗದ್ದದ ಕೆಳಗಿನ ನೆರಳು, ಇವನ್ನು ಮಾತ್ರ ಹಾಕಿ. ದೂರದಿಂದ ನೋಡಿದರೆ ಅದು ಆ ಮನುಷ್ಯ ಎಂದು ಗುರುತು ಸಿಗಬೇಕು. ಸಿಗದಿದ್ದರೆ ಇನ್ನೊಂದು ಮಾಡಿ. ಈ ಚಿಕ್ಕ ನಕ್ಷೆಯಲ್ಲಿ ಕಾಣದ ಹೋಲಿಕೆ ದೊಡ್ಡ ಕ್ಯಾನ್ವಾಸಿನಲ್ಲಿ ರೆಪ್ಪೆ ಬರೆದರೂ ಬರುವುದಿಲ್ಲ.

## ಹಂತ 4: ನೆಲಬಣ್ಣ ಕೊಡಿ

ಬಿಳಿ ಕ್ಯಾನ್ವಾಸ್ ಮೇಲೆ ಎಲ್ಲವೂ ಕಪ್ಪೆನಿಸುತ್ತದೆ, ಹೆದರಿ ತೆಳುವಾಗಿ ಹಚ್ಚುತ್ತೀರಿ. ಅದಕ್ಕೆ ಅಂಬರ್, ಚೂರು ಕಪ್ಪು, ಟರ್ಪೆಂಟೈನ್ ಸೇರಿಸಿ ಟೀ ಡಿಕಾಕ್ಷನ್‌ನಷ್ಟು ತೆಳು ಮಾಡಿ ಕ್ಯಾನ್ವಾಸಿಗೆ ಬಳಿಯಿರಿ, ಹತ್ತಿ ಬಟ್ಟೆಯಿಂದ ಒರೆಸಿ. ನಿಮ್ಮ ಪಟ್ಟಿಯ 3ನೇ ಮೆಟ್ಟಿಲಿಗೆ ಹೊಂದಿದರೆ ಸಾಕು. ಎಣ್ಣೆ ಸೇರಿಸಬೇಡಿ. ಒಂದೆರಡು ದಿನ ಒಣಗಲಿ. ಬೆರಳಿನಿಂದ ಉಜ್ಜಿದಾಗ ಬಣ್ಣ ಬಂದರೆ ಇನ್ನೂ ಕಾಯಿರಿ.

## ಹಂತ 5: ರೇಖೆ

ಪೆನ್ಸಿಲ್ ಬದಲು ಇದ್ದಿಲು ಕಡ್ಡಿ ಬಳಸಿ. ತೈಲವರ್ಣದ ಪದರ ವರ್ಷಗಳು ಕಳೆದಂತೆ ಪಾರದರ್ಶಕವಾಗುತ್ತದೆ, ಪೆನ್ಸಿಲ್ ಗೆರೆ ಕೆಳಗಿನಿಂದ ಇಣುಕಬಹುದು.

ಪ್ರಿಂಟಿನ ಮೇಲೂ ಕ್ಯಾನ್ವಾಸಿನ ಮೇಲೂ ಅಡ್ಡ ಮೂರು, ಉದ್ದ ಮೂರು ಗೆರೆ ಎಳೆದು ಹದಿನಾರು ಮನೆ ಮಾಡಿ. ಇದಕ್ಕಿಂತ ಸಣ್ಣ ಚೌಕ ಬೇಡ. ಸಣ್ಣ ಚೌಕ ಹಾಕಿದರೆ ಕೈ ಗೆರೆ ಎಣಿಸುತ್ತದೆ, ಕಣ್ಣು ಕಲಿಯುವುದಿಲ್ಲ.

ಕ್ರಮ ಹೀಗಿರಲಿ. ಮೊದಲು ತಲೆಯ ತುದಿ, ಗದ್ದ, ಎಡ ಅಂಚು, ಬಲ ಅಂಚು, ಈ ನಾಲ್ಕು ಗುರುತು. ಆಮೇಲೆ ತಲೆ ಎಷ್ಟು ವಾಲಿದೆ ಎಂದು ತೋರಿಸುವ ನಡುಗೆರೆ. ಪರೇಹಾ ನೇರವಾಗಿ ನಮ್ಮನ್ನು ನೋಡುತ್ತಿದ್ದರೂ ಮೈ ಪಕ್ಕಕ್ಕೆ ತಿರುಗಿದೆ, ಮುಖ ಮುಕ್ಕಾಲು ಭಾಗ ಕಾಣುವಂತಿದೆ. ಹಾಗಾಗಿ ಮುಖದ ನಡುಗೆರೆ ಮುಖದ ಮಧ್ಯದಲ್ಲಿ ಬರುವುದಿಲ್ಲ. ಇಲ್ಲಿ ಎಡವುವವರು ಬಹಳ. ಎರಡೂ ಕಣ್ಣುಗಳನ್ನು ಒಂದೇ ಅಗಲಕ್ಕೆ ಬರೆದುಬಿಡುತ್ತಾರೆ. ದೂರದ ಕಣ್ಣು ಕಿರಿದು. ಅಳೆದು ನೋಡಿ.

ಆಮೇಲೆ ನೆರಳಿನ ಅಂಚುಗಳನ್ನು ಒಂದೊಂದು ಭೂಪಟದ ಗಡಿಯಂತೆ ಎಳೆಯಿರಿ. ರೆಪ್ಪೆ, ಹುಬ್ಬಿನ ಕೂದಲು, ಲೇಸಿನ ಕುಸುರಿ ಈಗ ಬೇಡ. ಸರಿಯಾಗಿದೆ ಅನ್ನಿಸಿದಾಗ 2ನೇ ನಂಬರ್ ಬ್ರಶ್‌ನಿಂದ ತೆಳು ಅಂಬರ್‌ನಲ್ಲಿ ಗೆರೆ ತಿದ್ದಿ, ಇದ್ದಿಲಿನ ಪುಡಿಯನ್ನು ಒಣ ಬಟ್ಟೆಯಿಂದ ಕೊಡವಿ.

ಪರೀಕ್ಷೆ: ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ನಂತರ ಪ್ರಿಂಟ್ ಮತ್ತು ಕ್ಯಾನ್ವಾಸ್ ಎರಡನ್ನೂ ತಲೆಕೆಳಗೆ ಮಾಡಿ ನೋಡಿ. ಗದ್ದ ಜಾರಿದ್ದು, ಕಿವಿ ಮೇಲೆ ಹೋದದ್ದು ಈಗ ಕಾಣುತ್ತದೆ. ಈಗ ತಿದ್ದಿ. ಬಣ್ಣ ಹಾಕಿದ ಮೇಲೆ ಯಾರಿಗೂ ತಿದ್ದಲು ಮನಸ್ಸು ಬರುವುದಿಲ್ಲ.

## ಹಂತ 6: ಕಂದು ಪದರ

ಅಂಬರ್ ಒಂದರಲ್ಲೇ ಇಡೀ ಚಿತ್ರ ಮುಗಿಸುವ ಹಂತ ಇದು. ಬಿಳಿ ಮುಟ್ಟಬೇಡಿ. ನೆರಳಿನಲ್ಲಿ ಅಂಬರ್ ಹಚ್ಚಿ, ಬೆಳಕಿರುವ ಕಡೆ ಟರ್ಪೆಂಟೈನ್ ತಾಗಿಸಿದ ಬಟ್ಟೆಯಿಂದ ಒರೆಸಿ ತೆಗೆಯಿರಿ. ನಡುಮೆಟ್ಟಿಲಿಗೆ ನೆಲಬಣ್ಣವೇ ಇದೆ.

8ನೇ ನಂಬರ್ ಬ್ರಶ್ ಹಿಡಿಯಿರಿ. ಮೊದಲು ಕೂದಲು ಮತ್ತು ಉಡುಪಿನ ಕಪ್ಪನ್ನು ಒಟ್ಟಿಗೆ ಹಾಕಿ, ಆಮೇಲೆ ಮುಖದ ನೆರಳು. ಎಲ್ಲ ನೆರಳನ್ನೂ ಒಂದಕ್ಕೊಂದು ಸೇರಿಸಿ. ಕಣ್ಣಿನ ಗುಳಿ, ಮೂಗಿನ ಪಕ್ಕ, ಮೀಸೆ, ಗದ್ದದ ಕೆಳಗೆ, ಇವು ಬೇರೆ ಬೇರೆ ತೇಪೆಗಳಾಗಿ ಉಳಿಯಬಾರದು. ಬೆಳಕು ಬಿದ್ದದ್ದು, ಬೀಳದ್ದು ಎಂದು ಎರಡು ಕುಟುಂಬ ಅಷ್ಟೇ. ನೆರಳಿನ ಒಳಗೆ ಎಷ್ಟೇ ಬೆಳಕು ಕಂಡರೂ ಅದು ಬೆಳಕಿನ ಕಡೆಯ ಅತಿ ಕಪ್ಪು ಜಾಗಕ್ಕಿಂತ ಕಪ್ಪಾಗಿಯೇ ಇರಬೇಕು. ಈ ಒಂದು ನಿಯಮ ಪಾಲಿಸಿದರೆ ಮುಖ ಚಪ್ಪಟೆಯಾಗುವುದಿಲ್ಲ.

ಈಗ ಫೋನಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ, ಪ್ರಿಂಟಿನ ಪಕ್ಕ ಇಟ್ಟು ನೋಡಿ. ಹೋಲಿಕೆ ಬರಬೇಕಾದದ್ದು ಈ ಹಂತದಲ್ಲೇ. ಇಲ್ಲಿ ಬಂದಿಲ್ಲ ಅಂದರೆ ಬಣ್ಣಕ್ಕೆ ಹೋಗಬೇಡಿ. ಒರೆಸಿ, ಮತ್ತೆ ಮಾಡಿ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಆದರೆ ಅದೇ ದಿನ ಒರೆಸಿದರೆ ಸಲೀಸಾಗಿ ಬರುತ್ತದೆ.

## ಹಂತ 7: ಮೈಬಣ್ಣ ಕಲಸಿ, ಸಾಲಾಗಿ ಇಡಿ

ಬ್ರಶ್ ಮುಟ್ಟುವ ಮೊದಲು ಎಲ್ಲ ಬಣ್ಣ ಕಲಸಿ ಮುಗಿಸಬೇಕು. ಮಧ್ಯೆ ಮಧ್ಯೆ ಕಲಸುತ್ತಾ ಹೋದರೆ ಪ್ರತಿ ಸಲ ಬೇರೆ ಬಣ್ಣ ಬರುತ್ತದೆ, ಮುಖ ತೇಪೆ ತೇಪೆ ಆಗುತ್ತದೆ.

ನಡುಬಣ್ಣದಿಂದ ಶುರು ಮಾಡಿ. ಓಕರ್ ಎರಡು ಪಾಲು, ಅಂಬರ್ ಒಂದು ಪಾಲು, ವರ್ಮಿಲಿಯನ್ ಅರ್ಧ ಪಾಲು. ಇದು ಅಂದಾಜು. ಕಂಪನಿ ಬದಲಾದರೆ ಪ್ರಮಾಣವೂ ಬದಲಾಗುತ್ತದೆ. ಕಲಸಿದ್ದನ್ನು ನೈಫ್ ತುದಿಯಲ್ಲಿ ತೆಗೆದು ಪ್ಲಾಸ್ಟಿಕ್ ಹೊದಿಸಿದ ಬಣ್ಣದ ಪ್ರಿಂಟಿನ ಮೇಲೆ, ಕೆನ್ನೆಯ ಜಾಗದಲ್ಲಿ ಹಿಡಿಯಿರಿ. ನೈಫಿನ ಬಣ್ಣ ಕಪ್ಪಾಗಿದೆಯಾ, ಬೆಳಕಾಗಿದೆಯಾ? ಮೊದಲು ಅದನ್ನು ಸರಿಮಾಡಿ. ಆಮೇಲೆ ಕೆಂಪು ಜಾಸ್ತಿಯಾ, ಹಳದಿ ಜಾಸ್ತಿಯಾ ನೋಡಿ.

ನಡುಬಣ್ಣದಿಂದ ಎರಡೂ ಕಡೆಗೆ ಸಾಲು ಬೆಳೆಸಿ.

ಕಪ್ಪಿನ ಕಡೆಗೆ: ನಡುಬಣ್ಣಕ್ಕೆ ಅಂಬರ್ ಮತ್ತು ಚೂರು ವರ್ಮಿಲಿಯನ್ ಸೇರಿಸಿದರೆ ಅರೆನೆರಳು. ಅದಕ್ಕೆ ಇನ್ನಷ್ಟು ಅಂಬರ್, ಸಾಸಿವೆಯಷ್ಟು ಕಪ್ಪು ಸೇರಿಸಿದರೆ ಪೂರ್ತಿ ನೆರಳು. ನೆರಳಿಗೆ ಬಿಳಿ ಸೇರಿಸಬೇಡಿ. ಬಿಳಿ ಬಿದ್ದ ನೆರಳು ಮಬ್ಬಾಗುತ್ತದೆ, ಆಳ ಹೋಗುತ್ತದೆ. ಕಪ್ಪೊಂದನ್ನೇ ಸೇರಿಸಿದರೆ ಚರ್ಮ ಹಸಿರಾಗುತ್ತದೆ, ಯಾಕೆಂದರೆ ಓಕರ್ ಒಳಗಿದೆ. ಆ ಸೂಚನೆ ಕಂಡ ಕೂಡಲೇ ಕೆಂಪು ಸೇರಿಸಿ.

ಬೆಳಕಿನ ಕಡೆಗೆ: ಇಲ್ಲಿಯೇ ಕಂದು ಚರ್ಮ ಬೂದು ಹಿಡಿಯುವುದು. ಬೆಳಕು ಬೇಕೆಂದ ಕೂಡಲೇ ಬಿಳಿ ಸುರಿಯುತ್ತಾರೆ. ಬಿಳಿ ಸೇರಿದರೆ ಬಣ್ಣ ತಂಪಾಗುತ್ತದೆ, ಅಂದರೆ ನೀಲಿ ಬೂದಿನ ಕಡೆ ವಾಲುತ್ತದೆ, ಮಂಕೂ ಆಗುತ್ತದೆ. ಮೊದಲು ಓಕರ್‌ನಿಂದ, ಜೊತೆಗೆ ಚೂರು ವರ್ಮಿಲಿಯನ್‌ನಿಂದ ಎಷ್ಟು ಬೆಳಕಾಗುತ್ತದೋ ಅಷ್ಟು ಮಾಡಿ. ಅದರ ಮೇಲೂ ಬೇಕಿದ್ದರೆ ಮಾತ್ರ ಬಿಳಿ, ಕಡಲೆಕಾಳಿನಷ್ಟು. ಬಿಳಿ ಸೇರಿಸಿದಾಗಲೆಲ್ಲ ಓಕರ್ ಸ್ವಲ್ಪ ವಾಪಸ್ ಕೊಡಿ.

ಹೊಳಪು: ಇದು ಮೇಲಿನ ನಿಯಮಕ್ಕೆ ಹೊರತು. ಕಂದು ಚರ್ಮದ ಮೇಲಿನ ಹೊಳಪು ಕಿಟಕಿಯ ಬೆಳಕನ್ನೇ ತೋರಿಸುತ್ತದೆ, ಚರ್ಮದ ಬಣ್ಣವನ್ನಲ್ಲ. ಹಾಗಾಗಿ ಅದು ಸುತ್ತಲಿನ ಚರ್ಮಕ್ಕಿಂತ ತಂಪಾಗಿ, ಬೂದು ಛಾಯೆಯಲ್ಲಿ ಇರುತ್ತದೆ. ಬಿಳಿ, ಸ್ವಲ್ಪ ಓಕರ್, ಕಣ್ಣಿಗೆ ಕಾಣದಷ್ಟು ಕಪ್ಪು. ಬಿಳಿ ಚರ್ಮದಲ್ಲಿ ಹೊಳಪಿಗೂ ಕೆನ್ನೆಗೂ ವ್ಯತ್ಯಾಸ ಕಡಿಮೆ, ಕಂದು ಚರ್ಮದಲ್ಲಿ ತುಂಬ ಜಾಸ್ತಿ. ಹೊಳಪನ್ನು ಕಿತ್ತಳೆ ಬಣ್ಣದಲ್ಲಿ ಹಾಕಿದವರ ಚಿತ್ರದಲ್ಲಿ ಮುಖ ಮಣ್ಣಿನ ಗೊಂಬೆಯ ಹಾಗೆ ಕಾಣುವುದು ಇದೇ ಕಾರಣಕ್ಕೆ.

ಇನ್ನೊಂದು ಗುಂಪು ಬೇಕು: ನಡುಬಣ್ಣಕ್ಕೆ ಕಪ್ಪು ಬಿಳಿ ಬೆರೆಸಿದ ಬೂದು ಸೇರಿಸಿ ತಣ್ಣನೆಯ ಅರೆಛಾಯೆ ಮಾಡಿಕೊಳ್ಳಿ. ಗಡ್ಡದ ಸುತ್ತ, ಬೆಳಕು ನೆರಳಿಗೆ ತಿರುಗುವಲ್ಲಿ ಅದು ಬೇಕಾಗುತ್ತದೆ.

ಒಟ್ಟು ಆರು ಗುಡ್ಡೆ. ಪ್ಯಾಲೆಟ್ ಮೇಲೆ ಕಪ್ಪಿನಿಂದ ಬೆಳಕಿಗೆ ಸಾಲಾಗಿ ಇಡಿ. ಬೆಳಗ್ಗೆ ಕಲಸಿದ್ದು ಸಂಜೆಯವರೆಗೆ ಚೆನ್ನಾಗಿರುತ್ತದೆ.

## ಹಂತ 8: ಮೊದಲು ಹಿನ್ನೆಲೆ, ಆಮೇಲೆ ಮುಖ

ಕಪ್ಪು, ಓಕರ್, ಬಿಳಿ, ಚೂರು ಅಂಬರ್ ಸೇರಿಸಿ ಹಿನ್ನೆಲೆಯ ಬೂದುಹಸಿರು ಮಾಡಿ. ಅದನ್ನೇ ಮೊದಲು ಹಚ್ಚಿ. ಹಿನ್ನೆಲೆ ಕೊನೆಗೆ ಎಂದು ಬಿಟ್ಟವರು ಮೈಬಣ್ಣವನ್ನು ತಪ್ಪಾಗಿ ಅಳೆಯುತ್ತಾರೆ. ಹಸಿರು ಛಾಯೆಯ ಪಕ್ಕದಲ್ಲಿ ಚರ್ಮ ತಾನಾಗಿ ಕೆಂಪಾಗಿ ಕಾಣುತ್ತದೆ, ಅಷ್ಟು ಕೆಂಪು ನಾವು ಹಾಕಬೇಕಿಲ್ಲ. ಖಾಲಿ ಕ್ಯಾನ್ವಾಸಿನ ಪಕ್ಕ ಅಳೆದು ಹಾಕಿದ ಕೆಂಪು, ಹಿನ್ನೆಲೆ ಬಂದ ಮೇಲೆ ಅತಿಯಾಗುತ್ತದೆ.

ಹಿನ್ನೆಲೆ ಒಂದೇ ಸಮ ಬೇಡ. ಪ್ರಿಂಟಿನಲ್ಲಿ ಎಲ್ಲಿ ಬೆಳಕು, ಎಲ್ಲಿ ಮಬ್ಬು ನೋಡಿ ಹಚ್ಚಿ.

ನಂತರ ಕೂದಲು, ಉಡುಪು. ಆಮೇಲೆ ಮುಖದ ನೆರಳು, ಅರೆನೆರಳು, ನಡುಬಣ್ಣ, ಬೆಳಕು. ಹೊಳಪು ಇವತ್ತು ಬೇಡ. ನೆರಳನ್ನು ತೆಳುವಾಗಿ, ಕೆಳಗಿನ ಅಂಬರ್ ಕಾಣುವ ಹಾಗೆ ಬಿಡಿ. ಬೆಳಕನ್ನು ದಪ್ಪವಾಗಿ ಹಾಕಿ. ವೆಲಾಸ್ಕೆಸ್ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಇದು ಸ್ಪಷ್ಟ: ಕಪ್ಪಿನಲ್ಲಿ ಬಣ್ಣ ತೆಳು, ಬೆಳಕಿನಲ್ಲಿ ಬಣ್ಣಕ್ಕೆ ಮೈ ಇದೆ.

ಪ್ರತಿ ಬ್ರಶ್ ಹೊಡೆತ ಒಂದು ತಿರುವು ತೋರಿಸಬೇಕು. ಹಣೆಯ ಮುಂಭಾಗ ಒಂದು, ಪಕ್ಕ ಒಂದು, ಕೆನ್ನೆಯ ಮೂಳೆ ಒಂದು. ಹಾಕಿದ ಮೇಲೆ ಬಿಡಿ. ಸುಮ್ನೆ ಒಣ ಬ್ರಶ್ ತೆಗೆದುಕೊಂಡು ಎಲ್ಲವನ್ನೂ ನುಣುಪು ಮಾಡಲು ಹೋಗಬೇಡಿ. ನುಣುಪು ಮಾಡುವ ಚಟ ಇನ್ನೆಲ್ಲ ತಪ್ಪಿಗಿಂತ ಹೆಚ್ಚು ಮುಖಗಳನ್ನು ಕೆಡಿಸಿದೆ ಎಂದೇ ನನ್ನ ಅಭಿಪ್ರಾಯ. ಎರಡು ಬಣ್ಣದ ನಡುವೆ ಸೇತುವೆ ಬೇಕಾದರೆ ಮೂರನೇ ಬಣ್ಣ ಕಲಸಿ ನಡುವೆ ಇಡಿ.

ಬ್ರಶ್ಶನ್ನು ಪ್ರತಿ ಗುಡ್ಡೆಗೂ ಬೇರೆ ಇಟ್ಟುಕೊಳ್ಳಿ, ಕನಿಷ್ಠ ನೆರಳಿಗೆ ಒಂದು, ಬೆಳಕಿಗೆ ಒಂದು. ಈ ಪದರಕ್ಕೆ ಎಣ್ಣೆ, ಟರ್ಪೆಂಟೈನ್ ಎರಡೂ ಬೇಡ. ಟ್ಯೂಬಿನಿಂದ ಬಂದ ಹದವೇ ಸಾಕು.

ಬ್ರಶ್ ಎಳೆದಾಗ ಕೆಳಗಿನ ಬಣ್ಣ ಕಿತ್ತುಕೊಂಡು ಬರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಬಣ್ಣ ಅಂಟಿಗೆ ತಿರುಗಿದೆ ಎಂದರ್ಥ. ಪೂರ್ತಿ ಒಣಗುವ ತನಕ ಮುಟ್ಟಬಾರದು.

## ಹಂತ 9: ಒಣಗಲು ಬಿಡಿ

ಬಯಲುಸೀಮೆಯ ಬೇಸಿಗೆಯಲ್ಲಿ ಈ ಪದರ ವಾರದೊಳಗೆ ಮುಟ್ಟುವಂತಾಗಬಹುದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಜಾಸ್ತಿ ದಿನ ಬೇಕು. ಕಪ್ಪು ಮತ್ತು ಬಿಳಿ ನಿಧಾನ, ಅಂಬರ್ ಬೇಗ. ಅದಕ್ಕೇ ಒಂದೇ ಚಿತ್ರದಲ್ಲಿ ನೆರಳು ಒಣಗಿ ಕಾಲರ್ ಹಸಿಯಾಗಿಯೇ ಇರುತ್ತದೆ.

ಗಾಳಿಯಾಡುವ, ನೇರ ಬಿಸಿಲು ಬೀಳದ, ಆದರೆ ಬೆಳಕಿರುವ ಜಾಗದಲ್ಲಿಡಿ. ಮಂಚದ ಕೆಳಗೆ, ಬೀರುವಿನಲ್ಲಿ ಇಟ್ಟರೆ ಅಗಸೆ ಎಣ್ಣೆ ಹಳದಿಯಾಗುತ್ತದೆ. ಪ್ಲಾಸ್ಟಿಕ್ ಸುತ್ತಬೇಡಿ. ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಟ್ಟರೆ ಕ್ಯಾನ್ವಾಸಿನ ಬೆನ್ನಿಗೆ ಬೂಸ್ಟು ಹಿಡಿಯುತ್ತದೆ.

ಒಣಗಿದ ಮೇಲೆ ಕೆಲವು ಕಪ್ಪು ಜಾಗಗಳು ಮಂಕಾಗಿ, ಬೂದಾಗಿ ಕಾಣುತ್ತವೆ. ಕೆಳಗಿನ ಪದರ ಎಣ್ಣೆ ಹೀರಿಕೊಂಡಿದೆ, ಅಷ್ಟೇ. ಹೆದರಿ ಅದರ ಮೇಲೆ ಇನ್ನಷ್ಟು ಕಪ್ಪು ಹಚ್ಚಬೇಡಿ. ಅಗಸೆ ಎಣ್ಣೆಯನ್ನು ಟರ್ಪೆಂಟೈನ್‌ನಲ್ಲಿ ತೆಳು ಮಾಡಿ ಬಟ್ಟೆಯಿಂದ ಆ ಜಾಗಕ್ಕೆ ಸವರಿ, ಉಳಿದದ್ದನ್ನು ಒರೆಸಿಬಿಡಿ. ನಿಜವಾದ ಬಣ್ಣ ವಾಪಸ್ ಬರುತ್ತದೆ.

## ಹಂತ 10: ಅಂಚು, ಕಣ್ಣು, ಕಾಲರ್

ಈಗ ಬಣ್ಣಕ್ಕೆ ಒಂದೆರಡು ಹನಿ ಅಗಸೆ ಎಣ್ಣೆ ಸೇರಿಸಬಹುದು. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಸ್ವಲ್ಪ ಹೆಚ್ಚು, ಇದೇ ತೈಲವರ್ಣದ ಮೂಲ ನಿಯಮ. ಉಲ್ಟಾ ಮಾಡಿದರೆ ಬೇಗ ಒಣಗುವ ಮೇಲಿನ ಪದರ ನಿಧಾನವಾಗಿ ಒಣಗುವ ಕೆಳಪದರದ ಮೇಲೆ ಬಿರುಕು ಬಿಡುತ್ತದೆ. ಎಣ್ಣೆ ಸುರಿದರೂ ಕಷ್ಟ, ಮೇಲ್ಮೈ ಸುಕ್ಕುಗಟ್ಟುತ್ತದೆ.

ಮೊದಲು ಅಂಚು. ಪ್ರಿಂಟಿನಲ್ಲಿ ಯಾವ ಅಂಚು ಚೂಪು, ಯಾವುದು ಕರಗಿದೆ ಎಂದು ಬೆರಳಿಟ್ಟು ಹುಡುಕಿ. ಕೂದಲು ಹಿನ್ನೆಲೆಯೊಳಗೆ ಕರಗುತ್ತದೆ. ಕಪ್ಪು ಉಡುಪಿನ ಎದುರು ಕಾಲರ್ ಚೂಪಾಗಿದೆ. ನೆರಳಿನ ಕಡೆಯ ದವಡೆ ಮೆತ್ತಗಿದೆ. ಎಲ್ಲ ಅಂಚನ್ನೂ ಚೂಪು ಮಾಡಿದಾಗಲೇ ತಲೆ ಕತ್ತರಿಸಿ ಅಂಟಿಸಿದಂತೆ ಕಾಣುವುದು. ಕೂದಲಿನ ಅಂಚಿಗೆ ಹಿನ್ನೆಲೆಯ ಬಣ್ಣವನ್ನು ಹಸಿಯಾಗಿ ತಾಗಿಸಿ, ಒಂದು ಸಲ ಮೆಲ್ಲಗೆ ಎಳೆಯಿರಿ.

ಕಣ್ಣು ಈಗ. ಕಣ್ಣಿನ ಬಿಳಿ ಬಿಳಿಯಲ್ಲ. ನಿಮ್ಮ ಪಟ್ಟಿಯಲ್ಲಿ ಅದು 3ರ ಆಸುಪಾಸು, ಬೂದುಗಂದು. ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಬೀಳುತ್ತದೆ. ಟ್ಯೂಬಿನ ಬಿಳಿ ಹಾಕಿದರೆ ಕಣ್ಣು ಹೊರಗೆ ಜಿಗಿಯುತ್ತದೆ. ರೆಪ್ಪೆ ಕೂದಲು ಒಂದೊಂದಾಗಿ ಬೇಡ, ಮೇಲಿನ ರೆಪ್ಪೆಯ ಕಪ್ಪು ಗೆರೆ ಸಾಕು. ಕಣ್ಣಿನೊಳಗಿನ ಹೊಳಪು ಚುಕ್ಕೆ ಎಲ್ಲಕ್ಕಿಂತ ಕೊನೆಗೆ, ಒಂದೇ ತಾಗಿನಲ್ಲಿ.

ಕಾಲರ್‌ನ ಲೇಸಿಗೆ ವಿನ್ಯಾಸ ಬರೆಯಲು ಕೂರಬೇಡಿ. ನೆರಳಿನ ಬೂದು ಮೊದಲು, ಅದರ ಮೇಲೆ ದಪ್ಪ ಬಿಳಿಯ ಕೆಲವೇ ಹೊಡೆತ. ಹತ್ತಿರದಿಂದ ಬರಿ ಗೀಚು, ದೂರದಿಂದ ಲೇಸು. ಮೂಲವನ್ನು ಹಿಗ್ಗಿಸಿ ನೋಡಿದರೆ ಅಲ್ಲೂ ಹಾಗೇ ಇದೆ.

ಕೊನೆಗೆ ಹಣೆಯ ಹೊಳಪು. ಬ್ರಶ್ ತುಂಬ ಬಣ್ಣ ತೆಗೆದು, ಇಟ್ಟು, ಎತ್ತಿಬಿಡಿ. ತಿಕ್ಕಬೇಡಿ. ಸರಿಯಿಲ್ಲ ಅನ್ನಿಸಿದರೆ ನೈಫಿನಿಂದ ಕೆರೆದು ಮತ್ತೆ ಹಾಕಿ.

ಪುಸ್ತಕ, ಪರದೆ ಯಾವುದರಲ್ಲೂ ಬಣ್ಣದ ಈ ದಪ್ಪ ತೆಳು ಸರಿಯಾಗಿ ಕಾಣುವುದಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ರಾಜಾ ರವಿವರ್ಮರ ಮೂಲ ತೈಲವರ್ಣಗಳಿವೆ. ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗಿ. ಪಕ್ಕದಿಂದ, ಬೆಳಕು ಅಡ್ಡ ಬೀಳುವ ಹಾಗೆ ನಿಂತು ನೋಡಿ. ಯಾವ ಜಾಗದಲ್ಲಿ ಬಣ್ಣ ಎದ್ದು ನಿಂತಿದೆ, ಎಲ್ಲಿ ನೇಯ್ಗೆ ಕಾಣುತ್ತದೆ ಎಂದು ಗಮನಿಸಿ. ಅರ್ಧ ದಿನದ ಆ ನೋಟ ತುಂಬ ಕಲಿಸುತ್ತದೆ.

## ಹಂತ 11: ಕೆಲಸ ಮುಗಿದ ಮೇಲೆ

ವಾರ್ನಿಶ್‌ಗೆ ಆತುರ ಬೇಡ. ಮೇಲೆ ಒಣಗಿದಂತೆ ಕಂಡರೂ ಒಳಗೆ ಒಣಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ಆಗ ತೆಗೆಯಲು ಬರುವಂಥ ಪಿಕ್ಚರ್ ವಾರ್ನಿಶ್ ತೆಳುವಾಗಿ ಹಚ್ಚಿ.

ಬ್ರಶ್‌ಗಳನ್ನು ಅದೇ ದಿನ ಒರೆಸಿ, ಥಿನ್ನರ್‌ನಲ್ಲಿ ಜಾಲಾಡಿಸಿ, ಸೋಪಿನಿಂದ ನೊರೆ ಬಿಳಿಯಾಗುವವರೆಗೆ ತೊಳೆದು ಮಲಗಿಸಿ ಒಣಗಿಸಿ. ಕೊಳೆ ಥಿನ್ನರನ್ನು ಸಿಂಕಿಗೆ ಸುರಿಯಬೇಡಿ. ಮುಚ್ಚಿಡಿ, ಬಣ್ಣ ತಳ ಸೇರುತ್ತದೆ, ಮೇಲಿನದನ್ನು ಮತ್ತೆ ಬಳಸಿ.

ಕ್ಯಾನ್ವಾಸಿನ ಬೆನ್ನಿಗೆ ‘ವೆಲಾಸ್ಕೆಸ್ ಚಿತ್ರದ ನಕಲು’ ಎಂದು, ನಿಮ್ಮ ಹೆಸರು ಮತ್ತು ತಾರೀಕು ಬರೆಯಿರಿ. ಮೂಲ ಕಲಾವಿದರ ಸಹಿ ಎಂದೂ ನಕಲು ಮಾಡಬೇಡಿ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಕ್ಯಾನ್ವಾಸ್ ಹಿಡಿದು ನಕಲು ಮಾಡಲು ಅನುಮತಿ ಪಡೆದವರಿಗೂ ಮೂಲದ ಅಳತೆಯಲ್ಲೇ ಬರೆಯಲು ಬಿಡುವುದಿಲ್ಲ. ಆ ಶಿಸ್ತು ಮನೆಯಲ್ಲೂ ಇರಲಿ.

## ಹಂತ 12: ಎರಡನೆಯದು ಮತ್ತು ಮೂರನೆಯದು

ಅದೇ ಚಿತ್ರವನ್ನೇ ಇನ್ನೊಮ್ಮೆ, ಈ ಸಲ ಕೈ ಮತ್ತು ಮೇಲಂಗಿ ಸಮೇತ ಮಾಡಿ. ಅರ್ಧ ಅಳತೆ ಅಂದರೆ ಸುಮಾರು 40.6 × 35 ಸೆಂ.ಮೀ. ಕೈಯನ್ನು ಐದು ಬೆರಳಾಗಿ ನೋಡದೆ ಒಂದೇ ಬೆಳಕಿನ ಗುಂಪಾಗಿ ಶುರು ಮಾಡಿ. ಅದರ ಬೆಳಕು ಮುಖಕ್ಕಿಂತ ಒಂದು ಮೆಟ್ಟಿಲು ಕಡಿಮೆ ಇರಲಿ, ಇಲ್ಲದಿದ್ದರೆ ಕಣ್ಣು ಮುಖ ಬಿಟ್ಟು ಅಲ್ಲಿಗೆ ಹೋಗುತ್ತದೆ.

ಮೂರನೆಯದಕ್ಕೆ ಮನೆಯವರಲ್ಲಿ ಒಬ್ಬರನ್ನು ಕೂರಿಸಿ. ಅದೇ ಐದು ಟ್ಯೂಬು, ಅದೇ ಕ್ರಮ. ಕಿಟಕಿ ಒಂದೇ ಇರಲಿ, ಟ್ಯೂಬ್‌ಲೈಟ್ ಆರಿಸಿ, ಹಿಂದೆ ಬೂದುಹಸಿರು ಬಟ್ಟೆ ಕಟ್ಟಿ. ಇಪ್ಪತ್ತು ನಿಮಿಷಕ್ಕೊಮ್ಮೆ ಅವರಿಗೆ ಬಿಡುವು ಕೊಡಿ, ಎದ್ದು ಹೋಗುವ ಮೊದಲು ಕುರ್ಚಿಯ ಕಾಲಿನ ಜಾಗವನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಳ್ಳಿ.